ಹಳೆಯ ಪುಟ್ಟ ಪಿಸ್ತೂಲುಗಳ ಮೇಲೆ ಕೆಲವರಿಗೆ ಯಾಕಷ್ಟು ಮೋಹ?

ಮುಖ್ಯ ಕಾರಣ ಕೆಲಸಗಾರಿಕೆ. ಮಂಡ್ಯದ ನಮ್ಮ ದೊಡ್ಡಪ್ಪನ ಹತ್ತಿರ ಲೈಸೆನ್ಸ್ ಇರುವ, .32 ಅಳತೆಯ ಗುಂಡಿನ ಕೋಲ್ಟ್ ಪಿಸ್ತೂಲು ಇದೆ, 1903ರ ಮಾದರಿ. ಅಮೆರಿಕದ ಬಂದೂಕು ವಿನ್ಯಾಸಕ ಜಾನ್ ಬ್ರೌನಿಂಗ್ ವಿನ್ಯಾಸ. ಜೇಬಿನಿಂದ ತೆಗೆಯುವಾಗ ಬಟ್ಟೆಗೆ ಸಿಕ್ಕಿಕೊಳ್ಳಬಾರದು ಅಂತ ಹ್ಯಾಮರನ್ನು, ಅಂದರೆ ಗುಂಡು ಸಿಡಿಸುವ ಸುತ್ತಿಗೆಯನ್ನು, ಸ್ಲೈಡ್ (ಹಿಂದೆ ಮುಂದೆ ಜಾರುವ ಮೇಲ್ಭಾಗ) ಒಳಗೇ ಅಡಗಿಸಿದ್ದಾರೆ. ಹಿಡಿಯ ಹಿಂದೆ ಒಂದು ಪಟ್ಟಿ ಇದೆ. ಅಂಗೈ ಅದನ್ನು ಒತ್ತದೆ ಗುಂಡು ಹಾರುವುದಿಲ್ಲ. ಪೂರ್ತಿ ಉಕ್ಕು. ಮೂಲೆಗಳಲ್ಲಿ ಕಪ್ಪು ಬಣ್ಣ ಸವೆದು ಬೆಳ್ಳಿಯಂತೆ ಹೊಳೆಯುತ್ತದೆ. ಖಾಲಿ ಮಾಡಿ ಕೈಗೆ ಕೊಟ್ಟಾಗ ನೋಡಿದೆ, ಸ್ಲೈಡ್ ಎಣ್ಣೆ ಹಾಕಿದ ಹಾಗೆ ಜಾರುತ್ತದೆ.

ಹೊಡೆಯುವುದು ಸುಲಭವಾ? ಅಷ್ಟೇನಲ್ಲ. ಗುರಿಕಣ್ಣು ಅಕ್ಕಿಕಾಳಿನಷ್ಟು. ಆದರೆ .32 ಗುಂಡಿನ ಒದೆತ ಕಡಿಮೆ, ನಳಿಗೆಯೂ ಗುಂಡು ಹಾರುವಾಗ ಅಲುಗಾಡುವುದಿಲ್ಲ. 1931ರ ಜರ್ಮನ್ ಪಿಸ್ತೂಲು ವಾಲ್ಥರ್ ಪಿಪಿಕೆಯೂ ಹಾಗೇ. ಅದಕ್ಕೇ ಕೈ ಪಳಗಿದವರಿಗೆ ಗುರಿ ಚೆನ್ನಾಗಿ ಕೂರುತ್ತದೆ.

ನಮ್ಮಲ್ಲಿ ಇನ್ನೊಂದು ಆಕರ್ಷಣೆಯೂ ಇದೆ, ಇವು ಅಪರೂಪ ಅನ್ನುವುದು. ಸಾಮಾನ್ಯ ಲೈಸೆನ್ಸಿನಲ್ಲಿ 9 ಎಂಎಂ ಗುಂಡಿನ ಪಿಸ್ತೂಲಿಗೆ ಅನುಮತಿ ಇಲ್ಲ, .32ಕ್ಕೆ ಇದೆ. 1980ರ ದಶಕದಲ್ಲಿ ವಿದೇಶಿ ಬಂದೂಕುಗಳ ಆಮದು ಜನಸಾಮಾನ್ಯರಿಗೆ ನಿಂತಿತು. ಹಾಗಾಗಿ ಹಳೇ ಕೋಲ್ಟ್, ವಾಲ್ಥರ್‌ಗಳಿಗೆ ಬೆಲೆ ಜಾಸ್ತಿ.

ಆದರೆ ತಲೆನೋವೂ ಇದೆ. ಗುಂಡು ದುಬಾರಿ, ಲೆಕ್ಕ ಇಡಬೇಕು. "ಇರೋದೇ ಎರಡು ಡಬ್ಬ, ಸುಮ್ನೆ ಹೊಡೆಯಕ್ಕಾಯ್ತದಾ?" ಅಂತಾರೆ ದೊಡ್ಡಪ್ಪ. ಎಲೆಕ್ಷನ್ ಬಂದರೆ ಠಾಣೆಗೆ ಒಪ್ಪಿಸಬೇಕು. ಹಿಂದಿನ ರಾತ್ರಿ ಹಳೇ ಪಂಚೆ ತುಂಡಿನಿಂದ ಒರೆಸುತ್ತಾ ಕೂರುತ್ತಾರೆ. ದೊಡ್ಡಮ್ಮನಿಗೆ ಆ ಎಣ್ಣೆ ವಾಸನೆ ಆಗಲ್ಲ.