ಬೆಂಗಳೂರಿನ ಮನೆಗೆ ಹೀಟ್ ಪಂಪ್ ಹಾಕಿಸಿದರೆ ದುಡ್ಡು ಹುಟ್ಟುತ್ತಾ?

ಬೆಂಗಳೂರಿನಲ್ಲಿ ನಾಲ್ಕು ಜನರ ಸ್ವಂತ ಮನೆ, ಈಗ ಗೀಸರ್ ಇದೆ, ಅದರ ಬದಲು ನೀರು ಕಾಯಿಸಲು ಲಕ್ಷ ರೂಪಾಯಿ ಹಾಕಿ ಹೀಟ್ ಪಂಪ್ ತರಬಹುದಾ ಅಂತ ಕೇಳಿದ್ದೀರಿ. ನಿಮಗೆ ಬೇಡ ಅಂತಲೇ ಹೇಳುತ್ತೇನೆ. ನಮ್ಮ ಮನೆಯಲ್ಲಿ ಅದೇ ಇದೆ, ಚೆನ್ನಾಗಿಯೂ ಇದೆ. ಆದರೂ ನಿಮಗೆ ಬೇಡ.

ಯುರೋಪಿನಲ್ಲಿ ಎಲ್ಲರೂ ಹಾಕಿಸುತ್ತಿದ್ದಾರೆ ಅಂದಿರಲ್ಲ, ಅಲ್ಲಿ ಅದು ಚಳಿಗಾಲದಲ್ಲಿ ಇಡೀ ಮನೆ ಬೆಚ್ಚಗಿಡುವುದಕ್ಕೆ. ಇಂಗ್ಲೆಂಡಿನಲ್ಲಿ ಗ್ಯಾಸ್ ಬಾಯ್ಲರ್ ತೆಗೆದು ಇದನ್ನು ಹಾಕಿಸುವವರಿಗೆ ಸರ್ಕಾರವೇ 7,500 ಪೌಂಡ್ ಕೊಡುತ್ತದೆ. ನಮಗೆ ಬೇಕಿರುವುದು ಸ್ನಾನಕ್ಕೆ ಬಿಸಿನೀರು, ಅಷ್ಟೇ.

ಯಂತ್ರದ ಬಗ್ಗೆ ಅನುಮಾನ ಬೇಡ. ಗೀಸರ್‌ನ ಕಾಯಿಲ್ ಒಂದು ಯೂನಿಟ್ ಕರೆಂಟಿಗೆ ಒಂದು ಯೂನಿಟ್ ಶಾಖ ಕೊಡುತ್ತದೆ, ಅದಕ್ಕಿಂತ ಜಾಸ್ತಿ ಕೊಡಲು ಸಾಧ್ಯವೇ ಇಲ್ಲ. ಹೀಟ್ ಪಂಪ್ ಹೊರಗಿನ ಗಾಳಿಯ ಶಾಖವನ್ನು ಎಳೆದು ನೀರಿಗೆ ಸೇರಿಸುತ್ತದೆ. ಫ್ರಿಜ್ಜಿನ ಹಿಂಭಾಗ ಬಿಸಿ ಇರುತ್ತಲ್ಲ, ಅದೇ ಕೆಲಸ. ಹಾಗಾಗಿ ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್‌ನಷ್ಟು ಶಾಖ ಸಿಗುತ್ತದೆ. ನಮ್ಮೂರಿನ ಹವೆಯಂತೂ ಇದಕ್ಕೆ ಹೇಳಿ ಮಾಡಿಸಿದ್ದು.

ಈಗ ನಿಮ್ಮ ಮನೆ ಲೆಕ್ಕ. ನಾಲ್ಕು ಜನಕ್ಕೆ ದಿನಕ್ಕೆ 200 ಲೀಟರ್ ಹದವಾದ ಬಿಸಿನೀರು ಅಂದುಕೊಳ್ಳಿ. 22 ಡಿಗ್ರಿಯ ನಲ್ಲಿ ನೀರನ್ನು 40 ಡಿಗ್ರಿಗೆ ತರಲು ನಾಲ್ಕು ಯೂನಿಟ್‌ಗಿಂತ ತುಸು ಜಾಸ್ತಿ ಬೇಕು. ಟ್ಯಾಂಕು, ಪೈಪಿನಲ್ಲಿ ಆರಿಹೋಗುವುದೂ ಸೇರಿ ಐದು ಅನ್ನಿ. ಸರ್‌ಚಾರ್ಜ್, ತೆರಿಗೆ ಎಲ್ಲ ಸೇರಿ ಯೂನಿಟ್‌ಗೆ ಹತ್ತಿರ ಹತ್ತಿರ 7 ರೂಪಾಯಿ. ಗೀಸರ್‌ಗೆ ದಿನಕ್ಕೆ 35 ರೂಪಾಯಿ, ಹೀಟ್ ಪಂಪ್‌ಗೆ 12. ವರ್ಷಕ್ಕೆ ಉಳಿಯುವುದು ಸುಮಾರು 8,000. ಲಕ್ಷ ಹುಟ್ಟಬೇಕಾದರೆ 12 ವರ್ಷ! ಮಧ್ಯೆ ಒಂದು ಸಲ ಕಂಪ್ರೆಸರ್ ಕೈಕೊಟ್ಟರೆ ಆ ಲೆಕ್ಕವೂ ಹೋಯಿತು.

ಇನ್ನೊಂದು ವಿಷಯ, ಅಂಗಡಿಯವರು ಇದನ್ನು ಎತ್ತುವುದೇ ಇಲ್ಲ. ನಿಮಗೆ ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುತ್ತಿದ್ದರೆ ಉಳಿಸಲು ಏನೂ ಇಲ್ಲ, ಸೊನ್ನೆಯಲ್ಲಿ ಎಷ್ಟು ಕಳೆಯುತ್ತೀರಿ? ಚಳಿಗಾಲದಲ್ಲಿ ಮಾತ್ರ 200 ಯೂನಿಟ್ ದಾಟಿ ಪೂರ್ತಿ ಬಿಲ್ ಕಟ್ಟುತ್ತಿದ್ದರೆ ಒಂದಿಷ್ಟು ಲಾಭ ಉಂಟು. ಅಷ್ಟಕ್ಕೆ ಲಕ್ಷ ಸುರಿಯುವುದಾ? ತಾರಸಿಗೆ ಬಿಸಿಲು ಬೀಳುತ್ತಿದ್ದರೆ ಸೋಲಾರ್ ವಾಟರ್ ಹೀಟರ್ ಹಾಕಿಸಿ. ಅರ್ಧಕ್ಕಿಂತ ಕಡಿಮೆ ದುಡ್ಡಿಗೆ ಆಗುತ್ತದೆ, ಮೋಡ ಕವಿದ ದಿನಕ್ಕೆ ಹಳೇ ಗೀಸರ್ ಇದ್ದೇ ಇದೆ.

ನಾವು ಯಾಕೆ ಹಾಕಿಸಿದೆವು ಅಂದರೆ, ನಮ್ಮದು ಒಂಬತ್ತು ಜನರ ಕೂಡು ಕುಟುಂಬ. ಪಕ್ಕದಲ್ಲಿ ಐದಂತಸ್ತಿನ ಕಟ್ಟಡ ಎದ್ದು ತಾರಸಿಯ ಬಿಸಿಲೆಲ್ಲ ಹೋಯಿತು, ಸೋಲಾರ್ ಮಾತೇ ಇಲ್ಲ. ಉಚಿತ ಕರೆಂಟೂ ನಮಗಿಲ್ಲ. ಬೆಳಗ್ಗೆ ಎರಡು ಗೀಸರ್ ಬಿಡುವಿಲ್ಲದೆ ಓಡುತ್ತಿದ್ದವು. ಬಿಸಿನೀರು ಜಾಸ್ತಿ ಖರ್ಚಾದಷ್ಟೂ ಇದು ಬೇಗ ಅಸಲು ಹುಟ್ಟಿಸುತ್ತದೆ. ಪಿಜಿ, ಹಾಸ್ಟೆಲ್ ನಡೆಸುವವರಾಗಿದ್ದರೆ ನಾನು ಎರಡು ಮಾತಿಲ್ಲದೆ ಹಾಕಿಸಿ ಅನ್ನುತ್ತಿದ್ದೆ.

ಇಷ್ಟಾದ ಮೇಲೂ ಹಾಕಿಸುತ್ತೇನೆ ಅಂದರೆ, ಗಾಳಿಯಾಡದ ಸಣ್ಣ ಯುಟಿಲಿಟಿಯಲ್ಲಿ ಮಾತ್ರ ಇಡಿಸಬೇಡಿ. ಅದು ತಣ್ಣನೆ ಗಾಳಿ ಹೊರಗೆ ಬಿಡುತ್ತದೆ, ಮುಚ್ಚಿದ ಜಾಗದಲ್ಲಿ ಆ ತಣ್ಣನೆ ಗಾಳಿಯನ್ನೇ ಮತ್ತೆ ಎಳೆದುಕೊಂಡು ಒದ್ದಾಡುತ್ತದೆ. ಮಲಗುವ ಕೋಣೆಯ ಕಿಟಕಿ ಪಕ್ಕವೂ ಬೇಡ, ಕಂಪ್ರೆಸರ್ ಸದ್ದು ಇದ್ದೇ ಇರುತ್ತದೆ. ಬೋರ್‌ವೆಲ್ ನೀರಾದರೆ ಅದರ ಗಡಸುತನ ತೆಗೆಯುವ ಸಾಫ್ಟನರ್ ಖರ್ಚನ್ನೂ ಈಗಲೇ ಸೇರಿಸಿಕೊಳ್ಳಿ. ತುಂಬಿದ ಟ್ಯಾಂಕು ಕಾಯಲು ಮೂರು-ನಾಲ್ಕು ಗಂಟೆ ಹಿಡಿಯುತ್ತದೆ. ಅವಸರಕ್ಕೆ ಅಂತ ಒಳಗೆ ಒಂದು ಸಾದಾ ಕಾಯಿಲ್ ಕೊಟ್ಟಿರುತ್ತಾರೆ. ಅದು ಸದಾ ಆನ್ ಇದ್ದರೆ ನೀವು ಲಕ್ಷ ಕೊಟ್ಟು ಗೀಸರನ್ನೇ ತಂದ ಹಾಗೆ. ಫಿಟ್ ಮಾಡುವವನು ಹೋಗುವ ಮುಂಚೆ ಆ ಕಾಯಿಲ್ ಆಫ್ ಮಾಡುವುದು ಹೇಗೆ ಅಂತ ತೋರಿಸಿಕೊಳ್ಳಿ.