ಆಕ್ಟಿವ್‌ಎಂಕ್ಯೂ ಬ್ರೋಕರ್ (ಆ್ಯಪ್‌ಗಳ ಮೆಸೇಜ್‌ಗಳನ್ನು ಕ್ಯೂನಲ್ಲಿಟ್ಟು ತಲುಪಿಸುವ ಸರ್ವರ್) ಬಿದ್ದಾಗ, ಟಾಮ್‌ಕ್ಯಾಟ್ ಎಂಬ ಜಾವಾ ವೆಬ್ ಸರ್ವರ್‌ನಲ್ಲಿ ಓಡುವ ಆ್ಯಪ್ ತಾನಾಗೇ ಇನ್ನೊಂದು ಬ್ರೋಕರ್‌ಗೆ ಹೋಗುವಂತೆ ಮಾಡುವುದು ಹೇಗೆ?

ಇದಕ್ಕೆ ಕೋಡ್ ಬರೆಯುವುದು ಬೇಡ. ಕನೆಕ್ಷನ್ ಫ್ಯಾಕ್ಟರಿಯ (ಆ್ಯಪ್‌ಗೆ ಬ್ರೋಕರ್ ಸಂಪರ್ಕ ಮಾಡಿಕೊಡುವ ಭಾಗ) ಬ್ರೋಕರ್ ಯುಆರ್‌ಎಲ್‌ನಲ್ಲಿ ಈಗ ಒಂದೇ ವಿಳಾಸ ಇದೆ, ಅಲ್ವಾ? ಅದನ್ನು 'ಫೇಲೋವರ್' ಅಂತ ಶುರು ಮಾಡಿ, ಕೋಲನ್ ಹಾಕಿ, ಬ್ರಾಕೆಟ್ ಒಳಗೆ ಎರಡೂ ಬ್ರೋಕರ್‌ಗಳ ವಿಳಾಸ ಕೊಡಿ, ನಡುವೆ ಕಾಮಾ. ಪೋರ್ಟ್ ಬದಲಿಸಿಲ್ಲದಿದ್ದರೆ ಎರಡಕ್ಕೂ 61616.

ಬ್ರಾಕೆಟ್ ಮುಚ್ಚಿದ ಮೇಲೆ ಪ್ರಶ್ನೆ ಚಿಹ್ನೆ ಹಾಕಿ ಆಯ್ಕೆಗಳನ್ನು ಸೇರಿಸಬಹುದು. 'ರ‍್ಯಾಂಡಮೈಜ್' ಸುಮ್ನೆ ಬಿಟ್ಟರೆ ಆ್ಯಪ್ ಯಾವುದೋ ಒಂದನ್ನು ಹಿಡಿಯುತ್ತದೆ. ಮೊದಲನೆಯದೇ ಮೊದಲು ಬೇಕಿದ್ದರೆ ಫಾಲ್ಸ್ ಮಾಡಿ.

ಜಾಸ್ತಿ ಜನ ಮರೆಯುವುದು 'ಟೈಮ್‌ಔಟ್'. ಅದರ ಡೀಫಾಲ್ಟ್ -1, ಅಂದರೆ ಕಾಯುವುದಕ್ಕೆ ಮಿತಿಯೇ ಇಲ್ಲ. ಎರಡೂ ಬ್ರೋಕರ್ ಬಿದ್ದಿದ್ದರೆ ಸೆಂಡ್ ಕರೆ ಎರರ್ ಕೂಡ ಕೊಡದೆ ಕಾಯುತ್ತಾ ಕೂರುತ್ತದೆ. ಪೇಜ್ ಕೋರಿಕೆಗಳನ್ನು ನಿಭಾಯಿಸುವ ಟಾಮ್‌ಕ್ಯಾಟ್ ಥ್ರೆಡ್‌ಗಳು ಒಂದೊಂದಾಗಿ ಅಲ್ಲೇ ಸಿಕ್ಕಿಕೊಂಡು, ಕೊನೆಗೆ ಕ್ಯೂ ಮುಟ್ಟದ ಪೇಜ್‌ಗಳೂ ತೆರೆಯುವುದಿಲ್ಲ. ನಾನು 3000 ಇಡುತ್ತೇನೆ, ಅಂದರೆ 3 ಸೆಕೆಂಡ್.

ಎರಡು ಆಯ್ಕೆಗಳ ನಡುವೆ ಆಂಪರ್‌ಸೆಂಡ್ ಬರಬೇಕು. ಆದರೆ ಎಕ್ಸ್‌ಎಂಎಲ್ ಫೈಲ್‌ನಲ್ಲಿ ಅದನ್ನು ಹಾಗೇ ಹಾಕಿದರೆ ಫೈಲ್ ಪಾರ್ಸ್ ಆಗುವುದಿಲ್ಲ, ಎಸ್ಕೇಪ್ ಮಾಡಿ, ಅಂದರೆ & ಅಂತ ಬರೆಯಬೇಕು. ಇದೊಂದು ಚಿಹ್ನೆಗೆ ಅರ್ಧ ದಿನ ಕಳೆದುಕೊಳ್ಳುವವರಿದ್ದಾರೆ!

ಒಂದು ಮಾತು. ಇದು ಕನೆಕ್ಷನ್ ಅಷ್ಟೇ ಬದಲಿಸುತ್ತದೆ, ಮೆಸೇಜ್‌ಗಳನ್ನು ಹೊತ್ತೊಯ್ಯುವುದಿಲ್ಲ. ಎರಡೂ ಬ್ರೋಕರ್ ಮೆಸೇಜ್ ಉಳಿಸಿಡುವ ಒಂದೇ ಸ್ಟೋರ್ ಹಂಚಿಕೊಂಡಿರದಿದ್ದರೆ, ಬಿದ್ದದ್ದರಲ್ಲಿದ್ದ ಮೆಸೇಜ್‌ಗಳು ಅದು ಎದ್ದು ಬರುವವರೆಗೆ ಅಲ್ಲೇ ಇರುತ್ತವೆ. ಬದಲಾಗುವ ಹೊತ್ತಿನಲ್ಲಿ ಒಂದೇ ಮೆಸೇಜ್ ಎರಡು ಸಲ ಬರಲೂಬಹುದು. ಆರ್ಡರ್ ನಂಬರ್‌ನಂಥದ್ದನ್ನು ನೋಡಿ ಎರಡನೆಯದನ್ನು ಬಿಟ್ಟುಬಿಡಿ.