ತಪಸ್ಸುಕಾಲಕ್ಕೆ ಯಾವ ಪ್ರಾರ್ಥನೆ ಹಿಡಿಯಲಿ, ಬೈಬಲ್‌ನಲ್ಲಿ ಏನು ಓದಲಿ?

ಹಳೆಯ ಕಥೋಲಿಕ ಪ್ರಾರ್ಥನೆಗಳಲ್ಲಿ ತಪಸ್ಸುಕಾಲಕ್ಕೆ, ಅಂದರೆ ಪಾಸ್ಕ ಹಬ್ಬಕ್ಕೆ (ಈಸ್ಟರ್) ಮುಂಚಿನ ಸುಮಾರು ನಲವತ್ತು ದಿನಕ್ಕೆ, ಯಾವುದು ಒಳ್ಳೆಯದು, ಬೈಬಲ್ ಧ್ಯಾನ ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಬಾಯಿಪಾಠದ ಪ್ರಾರ್ಥನೆ ಹೇಳುವಾಗ ಮನಸ್ಸು ಎಲ್ಲೋ ಹೋಗುತ್ತದೆ ಅಂತಲೂ ಬರೆದಿದ್ದೀರಿ.

ನಾನು ಹೇಳುವುದು ಇಷ್ಟೇ: ಬೈಬಲ್‌ನ ಕೀರ್ತನೆಗಳ ಪುಸ್ತಕದ 51ನೇ ಕೀರ್ತನೆ ಒಂದನ್ನು ಪಾಸ್ಕ ಹಬ್ಬದ ತನಕ ಬಿಡದೆ ದಿನವೂ ಹೇಳಿ. ಜೊತೆಗೆ ಆ ದಿನದ ಶುಭಸಂದೇಶ, ಅಂದರೆ ಯೇಸುವಿನ ಜೀವನ ಹೇಳುವ ಬೈಬಲ್ ಭಾಗ, ಓದಿ. ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಹತ್ತು ಪ್ರಾರ್ಥನೆಗಳ ಪಟ್ಟಿ ಮಾಡಿಕೊಂಡವರು ಎರಡನೇ ವಾರಕ್ಕೆ ಸುಸ್ತಾಗಿರುತ್ತಾರೆ.

ಈ ಕೀರ್ತನೆಯೇ ಯಾಕೆ? ಪಶ್ಚಾತ್ತಾಪದ ಕೀರ್ತನೆಗಳು ಅಂತ ಹಿಂದಿನಿಂದಲೂ ಏಳನ್ನು ಗುರುತಿಸಿದ್ದಾರೆ: 6, 32, 38, 51, 102, 130, 143. ಅವುಗಳಲ್ಲಿ ಧರ್ಮಸಭೆ (ಚರ್ಚ್) ಅತಿ ಹೆಚ್ಚು ಬಳಸುವುದು 51. ಬೂದಿ ಬುಧವಾರದ ಬಲಿಪೂಜೆಯಲ್ಲಿ (ಚರ್ಚಿನ ಮುಖ್ಯ ಆರಾಧನೆ, ಮಾಸ್) ಇದೇ ಬರುತ್ತದೆ. ಗುರುಗಳು, ಕನ್ಯಾಸ್ತ್ರೀಯರು ಹೇಳುವ ಪ್ರಾರ್ಥನಾವಿಧಿಯಲ್ಲಿ ಶುಕ್ರವಾರ ಬೆಳಿಗ್ಗೆ ಇದೇ ಇರುತ್ತದೆ. ಮೊದಲು 2 ಸಮುವೇಲ 11 ಮತ್ತು 12ನೇ ಅಧ್ಯಾಯ ಓದಿಕೊಳ್ಳಿ. ರಾಜ ದಾವೀದ ಬತ್ಷೆಬಳನ್ನು ಕರೆಸಿಕೊಂಡದ್ದು, ಅವಳ ಗಂಡ ಊರೀಯನನ್ನು ಯುದ್ಧದಲ್ಲಿ ಸಾಯುವ ಹಾಗೆ ಮಾಡಿದ್ದು, ಆಮೇಲೆ ಪ್ರವಾದಿ ನಾತಾನ ಬಂದು ಮುಖಕ್ಕೆ ಹೇಳಿದ್ದು ಎಲ್ಲ ಅಲ್ಲಿದೆ. ಕೀರ್ತನೆಯ ತಲೆಬರಹ ಆ ಸಂದರ್ಭವನ್ನೇ ಹೇಳುತ್ತದೆ.

ಅದರಲ್ಲಿ ಒಂದು ಮಾತು ನನ್ನನ್ನು ತುಂಬ ಕಾಡಿದೆ. ದೇವರೇ, ನಿನಗೊಬ್ಬನಿಗೇ ನಾನು ತಪ್ಪು ಮಾಡಿದೆ ಅಂತ ಹಾಡುವವನು ಹೇಳುತ್ತಾನೆ. ಅದ್ಹೇಗೆ? ಊರೀಯ ಸತ್ತೇ ಹೋಗಿದ್ದಾನೆ, ಅಲ್ವಾ? ನನಗೆ ಅನ್ನಿಸುವುದು ಹೀಗೆ: ರಾಜನನ್ನು ಕೇಳುವವರು ಯಾರೂ ಇರಲಿಲ್ಲ. ಸೇನಾಪತಿ ಬಾಯಿ ಬಿಡುವಂತಿರಲಿಲ್ಲ, ಊರೀಯನಿಗೆ ಬಾಯೇ ಇಲ್ಲ. ಎಲ್ಲ ಮುಚ್ಚಿ ಹೋಯಿತು ಅಂದುಕೊಂಡಾಗಲೂ ನೋಡಿದವನು ಒಬ್ಬನಿದ್ದ. ಯಾರಿಗೂ ಗೊತ್ತಾಗದ ನಮ್ಮ ತಪ್ಪುಗಳನ್ನು ಆ ಸಾಲಿನ ಪಕ್ಕದಲ್ಲಿಟ್ಟು ನೋಡಿದರೆ ಧ್ಯಾನ ತಾನಾಗಿಯೇ ಶುರುವಾಗುತ್ತದೆ. ಇನ್ನೊಂದು ಗಮನಿಸಿ. ಇಷ್ಟೆಲ್ಲ ಮಾಡಿದವನು ಕ್ಷಮೆಯ ಜೊತೆ ಸಂತೋಷವನ್ನೂ ವಾಪಸ್ ಕೊಡು ಅಂತ ಕೇಳುತ್ತಾನೆ! ಎಂಥ ಧೈರ್ಯ. ತಪಸ್ಸುಕಾಲ ಅಂದರೆ ಸುಮ್ನೆ ಮುಖ ಸಪ್ಪಗೆ ಮಾಡಿಕೊಂಡಿರುವುದು ಅಂತ ತಿಳಿದವರಿಗೆ ಇದನ್ನು ತೋರಿಸಬೇಕು.

ಮನಸ್ಸು ಓಡುವ ವಿಷಯ. ಓಡಲಿ ಬಿಡಿ. ಬಾಯಿಪಾಠದ ಪ್ರಾರ್ಥನೆಯ ಲಾಭವೇ ಅದು, ನೀವು ವಾಪಸ್ ಬರುವವರೆಗೆ ಮಾತು ಅಲ್ಲೇ ಕಾದಿರುತ್ತದೆ. ಎಲ್ಲಿ ತಡೆಯಿತೋ ಆ ಸಾಲಲ್ಲೇ ನಿಂತುಬಿಡಿ. ಆವತ್ತು ಮುಗಿಸದಿದ್ದರೂ ಪರವಾಗಿಲ್ಲ.

ಓದುವುದಕ್ಕೆ ನೀವೇ ಪಟ್ಟಿ ಮಾಡಬೇಡಿ, ಧರ್ಮಸಭೆ ದಿನದಿನಕ್ಕೂ ವಾಚನ ಆರಿಸಿಟ್ಟಿದೆ. ಬೂದಿ ಬುಧವಾರ ಮತ್ತಾಯ 6: ದಾನ, ಪ್ರಾರ್ಥನೆ, ಉಪವಾಸ ಮೂರನ್ನೂ ಯಾರಿಗೂ ತೋರಿಸಿಕೊಳ್ಳದೆ ಮಾಡಿ ಅನ್ನುವ ಭಾಗ. ಎರಡು ದಿನ ಬಿಟ್ಟು ಶುಕ್ರವಾರ ಯೆಶಾಯ 58 ಬರುತ್ತದೆ. ಉಪವಾಸ ಮಾಡುತ್ತಾ ಕೆಲಸದವರನ್ನು ಹಿಂಡುವವರಿಗೆ ದೇವರು ಅಲ್ಲಿ ಚೆನ್ನಾಗಿ ಬೈಯುತ್ತಾನೆ. ಭಾನುವಾರದ ವಾಚನಗಳು ಮೂರು ವರ್ಷಕ್ಕೊಮ್ಮೆ ಸುತ್ತುತ್ತವೆ. ಮೊದಲ ಭಾನುವಾರ ಮರುಭೂಮಿಯ ಶೋಧನೆ, ಎರಡನೆಯದು ಬೆಟ್ಟದ ಮೇಲೆ ಯೇಸುವಿನ ರೂಪಾಂತರ, ಈ ಎರಡು ಘಟನೆಗಳು ಯಾವ ವರ್ಷವೂ ಬದಲಾಗುವುದಿಲ್ಲ. ಯೊವಾನ್ನನ 4, 9, 11ನೇ ಅಧ್ಯಾಯಗಳನ್ನು ಯಾವ ವರ್ಷವಾದರೂ ಓದಿ. ಬಾವಿಯ ಹತ್ತಿರದ ಸಮಾರ್ಯದ ಹೆಂಗಸು, ಹುಟ್ಟು ಕುರುಡ, ಲಾಜರ. ಇಷ್ಟು ಉದ್ದದ ಮಾತುಕತೆ ಇರುವ ಕಥೆಗಳು ಶುಭಸಂದೇಶಗಳಲ್ಲಿ ಕಡಿಮೆ.

ಓದುವ ಹಳೆಯ ಕ್ರಮವನ್ನು 12ನೇ ಶತಮಾನದ ಕಾರ್ಥೂಸಿಯನ್ ಎಂಬ ಕಥೋಲಿಕ ಪಂಗಡದ ಸನ್ಯಾಸಿ ಎರಡನೇ ಗುಯಿಗೊ ನಾಲ್ಕು ಮೆಟ್ಟಿಲು ಅಂತ ಬರೆದಿಟ್ಟಿದ್ದಾನೆ: ಓದು, ಮನನ, ಪ್ರಾರ್ಥನೆ, ಕಡೆಗೆ ಮಾತಿಲ್ಲದೆ ದೇವರ ಮುಂದೆ ಇರುವುದು. ಹೆಚ್ಚಿನವರು ಎರಡನೇ ಮೆಟ್ಟಿಲಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಇದರ ಅರ್ಥ ಏನು ಅಂತ ಯೋಚಿಸಿ, ಅದನ್ನು ಇನ್ಯಾರಿಗೋ ಹೇಳುವ ಪ್ರಸಂಗ ಮಾಡಿಬಿಡುತ್ತಾರೆ. ಓದಿದ್ದಕ್ಕೆ ದೇವರಿಗೇ ಒಂದು ಉತ್ತರ ಕೊಡಿ, ಜಗಳವಾದರೂ ಸರಿ.

ಶುಕ್ರವಾರ ಶಿಲುಬೆಹಾದಿ, ಅಂದರೆ ಯೇಸು ಶಿಲುಬೆ ಹೊತ್ತು ನಡೆದ ದಾರಿಯನ್ನು ಒಂದೊಂದು ಸ್ಥಳದಲ್ಲಿ ನಿಂತು ಧ್ಯಾನಿಸುವ ಪ್ರಾರ್ಥನೆ. ಸ್ಥಳಗಳು ಹದಿನಾಲ್ಕೇ ಅಂತ ಪೋಪ್ ಹನ್ನೆರಡನೇ ಕ್ಲೆಮೆಂಟ್ 1731ರಲ್ಲಿ ಗೊತ್ತು ಮಾಡಿದರು. ಯೇಸು ಮೂರು ಸಲ ಬೀಳುವುದು, ವೆರೋನಿಕಾ ಎಂಬ ಹೆಂಗಸು ಅವನ ಮುಖ ಒರೆಸುವುದು ಬೈಬಲ್‌ನಲ್ಲಿ ಇಲ್ಲ ಅಂತ ಕೆಲವರಿಗೆ ಕಸಿವಿಸಿ. ಅಂಥವರಿಗೆ ಪೋಪ್ ಎರಡನೇ ಜಾನ್ ಪೌಲರು 1991ರಲ್ಲಿ ಬಳಸಿದ ಕ್ರಮ ಇದೆ. ಅದು ಗೆತ್ಸೆಮನೆ ತೋಟದಿಂದ ಶುರುವಾಗಿ ಶುಭಸಂದೇಶದ ಘಟನೆಗಳನ್ನೇ ಹಿಡಿದು ಸಾಗುತ್ತದೆ. ನನಗೆ ಹಳೆಯದೇ ಇಷ್ಟ. ಬಿದ್ದು ಏಳುವುದು ಅದರಲ್ಲೇ ಜಾಸ್ತಿ.

ಪಾಸ್ಕಕ್ಕೆ ಮುಂಚಿನ ಪವಿತ್ರ ವಾರ ಬಂದಾಗ ಬೇರೆಲ್ಲ ಓದು ನಿಲ್ಲಿಸಿ. ಮಾರ್ಕನ 14 ಮತ್ತು 15ನೇ ಅಧ್ಯಾಯಗಳನ್ನು ಒಂದೇ ಸಲ ಕೂತು, ಸಾಧ್ಯವಾದರೆ ಜೋರಾಗಿ ಓದಿ. ಪಕ್ಕದಲ್ಲಿ ಕೀರ್ತನೆ 22 ತೆರೆದಿಟ್ಟುಕೊಳ್ಳಿ. ನನ್ನನ್ನೇಕೆ ಕೈಬಿಟ್ಟೆ ಅನ್ನುವ ಕೂಗು, ತಲೆಯಾಡಿಸಿ ಅಣಕಿಸುವವರು, ಬಟ್ಟೆಗೆ ಚೀಟಿ ಹಾಕುವವರು ಎಲ್ಲರೂ ಅಲ್ಲಿ ಸಿಗುತ್ತಾರೆ. ಆದರೆ ಕೂಗಿನ ಸಾಲಿಗೇ ನಿಲ್ಲಿಸಬೇಡಿ, ಆ ಕೀರ್ತನೆ ಮುಗಿಯುವುದು ಸ್ತುತಿಯಲ್ಲಿ.